ಊಟಕ್ಕೆ ಹೆಸರಿಡದ ಮನೆ

ಹಿಂದೆ ಒಮ್ಮೆ ನಾನು ಹೀಗೆ ಬರೆದಿದ್ದೆ: ಅಮ್ಮ ಕುದಿಯುವ ಸಾರಿನಿಂದ ಒಂದು ಸೌಟು ಎತ್ತಿ, ಅಂಗೈಗೆ ಎರಡು ಹನಿ ಬಿಟ್ಟುಕೊಂಡು, ನಾಲಿಗೆಗೆ ತಾಗಿಸಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುತ್ತಿದ್ದಳು. ಓದಿದವರು ಮೆಚ್ಚಿಕೊಂಡರು. ಒಬ್ಬರಂತೂ ತಮ್ಮ ಅಮ್ಮನೂ ಥೇಟ್ ಹೀಗೆಯೇ ಎಂದರು. ಪತ್ರಿಕೆ ಮನೆಗೆ ಬಂದಾಗ ಅಮ್ಮ ಕನ್ನಡಕ ಏರಿಸಿಕೊಂಡು ಓದಿ, ಆ ಸಾಲಿನ ಮೇಲೆ ಬೆರಳಿಟ್ಟು ಕೇಳಿದಳು:

"ಇದು ಯಾರಮ್ಮನ ವಿಷಯ ಬರೆದಿದೀಯೇ?"

ನನ್ನಮ್ಮ ಅಡುಗೆ ಮಾಡುವಾಗ ಒಂದು ಸಲವೂ ರುಚಿ ನೋಡಿದವಳಲ್ಲ. ನೋಡುವಂತಿರಲಿಲ್ಲ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಅವಳು ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಒಲೆ ಹಚ್ಚುತ್ತಾಳೆ. ಆದದ್ದರಲ್ಲಿ ಮೊದಲ ಪಾಲು ದೇವರ ಮನೆಗೆ ಎಡೆ. ಅದಕ್ಕೂ ಮುಂಚೆ ಯಾರ ನಾಲಿಗೆಗೆ ತಾಗಿದರೂ ಪಾತ್ರೆಯೆಲ್ಲ ಎಂಜಲು. ಹಾಗಾದರೆ ನಾನು ಕಂಡ ಆ ಅಂಗೈ, ಆ ಮುಚ್ಚಿದ ಕಣ್ಣು ಎಲ್ಲಿಯವು? ಯಾವುದೋ ಮಸಾಲೆ ಪುಡಿಯ ಜಾಹೀರಾತಿನಿಂದ ಬಂದಿರಬೇಕು. ನೆನಪು ಬೇರೆಯವರ ಮನೆಯ ಪಾತ್ರೆಯನ್ನು ಇಷ್ಟು ಸಲೀಸಾಗಿ ಎತ್ತಿಕೊಂಡು ಬಂದು ನಮ್ಮದೇ ಎನ್ನುತ್ತದೆ. ಅದಕ್ಕೇ ಈ ಸಲ ಬಾಲ್ಯವನ್ನು ಬಿಟ್ಟು, ಹೋದ ಚಳಿಗಾಲದಲ್ಲಿ ಕಣ್ಣಾರೆ ಕಂಡದ್ದನ್ನಷ್ಟೇ ಬರೆಯುತ್ತೇನೆ. ಅದರಲ್ಲೂ ಎಷ್ಟು ಸರಿಯೋ.

ಮೊದಲು ಮನೆಯ ಇನ್ನೊಂದು ಕಟ್ಟಳೆ ಹೇಳಬೇಕು. ಅದು ಅಪ್ಪನದು. ಊಟಕ್ಕೆ ಹೆಸರಿಡಬಾರದು. ಪೇಟೆಯಲ್ಲಿ ಪಾತ್ರೆ ಅಂಗಡಿ ನಡೆಸಿದ ಅಪ್ಪ ಅಂಗಡಿಯಲ್ಲಿ ಎಲ್ಲದಕ್ಕೂ ಹೆಸರಿಡುತ್ತಿದ್ದರು. ಹಿತ್ತಾಳೆಯ ಬಣ್ಣಕ್ಕೆ, ತಾಮ್ರದ ತೂಕಕ್ಕೆ, ಗಿರಾಕಿಯ ಮೀಸೆಗೆ. ತಟ್ಟೆಯ ಮುಂದೆ ಕೂತರೆ ಮಾತ್ರ ಮೌನಿ. ಉಪ್ಪು ಹೆಚ್ಚಾದರೂ ಇಲ್ಲ, ಸೀದರೂ ಇಲ್ಲ. ಹೊಗಳುವುದೂ ಕೂಡದು. "ಇವತ್ತು ಚೆನ್ನಾಗಿದೆ ಅಂದ್ರೆ ನಿನ್ನೆ ಚೆನ್ನಾಗಿರ್ಲಿಲ್ಲ ಅಂತ ತಾನೇ?" ಎನ್ನುತ್ತಿದ್ದರು. ಅಕ್ಕ ಮತ್ತು ನಾನು ಹಾಗೇ ಬೆಳೆದೆವು.

ಮಾಡುವವಳು ರುಚಿ ನೋಡುವಂತಿಲ್ಲ, ಉಣ್ಣುವವರು ಬಾಯಿ ಬಿಡುವಂತಿಲ್ಲ. ಹಾಗಿದ್ದೂ ಮದುವೆಯಾದಾಗಿನಿಂದ ಐವತ್ತಾರು ವರ್ಷ ಅವಳ ಸಾರಿಗೆ ಉಪ್ಪು ಸರಿಯಾಗಿ ಬಿದ್ದದ್ದು ಹೇಗೆ? ಈ ಪ್ರಶ್ನೆ ನನಗೆ ಐವತ್ತು ದಾಟುವವರೆಗೆ ಹೊಳೆದೇ ಇರಲಿಲ್ಲ. ಹೊಳೆಯಲು ಹಾಲು ಸೀಯಬೇಕಾಯಿತು.

ಅವರೆಕಾಯಿ ಕಾಲದ ಒಂದು ಬೆಳಿಗ್ಗೆ. ಹೂವು ತರಲು ಹೋಗಿ ಬರುತ್ತಿದ್ದ ನನಗೆ ಗೇಟಿನಲ್ಲೇ ಸೀದ ವಾಸನೆ ಬಡಿಯಿತು. ಒಳಗೆ ಓಡಿದೆ. ಅಡುಗೆಮನೆ ತುಂಬ ಹೊಗೆ, ಪಾತ್ರೆಯ ತಳ ಕರ್ರಗೆ. ಒಲೆ ಆರಿಸಿ ತಿರುಗಿದರೆ ಅಮ್ಮ ಹತ್ತೇ ಅಡಿ ದೂರದಲ್ಲಿ, ನಡುಮನೆಯ ನೆಲದ ಮೇಲೆ, ಅಡುಗೆಮನೆಗೆ ಬೆನ್ನು ಹಾಕಿ ಕೂತು ನೆನೆಸಿದ ಅವರೆಕಾಳು ಹಿತಕುತ್ತಿದ್ದಾಳೆ. ಎರಡು ಬೆರಳ ನಡುವೆ ಒತ್ತಿದರೆ ಸಿಪ್ಪೆ ಬೆರಳಲ್ಲಿ ಉಳಿದು, ಬೇಳೆ ಚಿಮ್ಮಿ ಬೋಗುಣಿಗೆ ಬೀಳುತ್ತದೆ. ಏನೋ ಗುನುಗುತ್ತ ಆರಾಮವಾಗಿದ್ದಳು.

"ಅಮ್ಮಾ, ಹಾಲು ಸೀದು ಮನೆಯೆಲ್ಲ ನಾರ್ತಿದೆ!"

"ಹೌದಾ?"

ಅವಳ ಮುಖದಲ್ಲಿ ಗಾಬರಿಗಿಂತ ಹೆಚ್ಚಾಗಿ ಸಿಕ್ಕಿಬಿದ್ದವರ ನಾಚಿಕೆ ಇತ್ತು.

"ವಾಸ್ನೆ ಬರ್ಲಿಲ್ವಾ ನಿಂಗೆ?"

ಅವಳು ಒಂದು ಕಾಳು ಹಿತಕಿದಳು. ಇನ್ನೊಂದು ಹಿತಕಿದಳು.

"ಯುಗಾದಿ ಹೊತ್ತಿಗೆ ಜ್ವರ ಬಂದಿತ್ತಲ್ಲ, ಅವತ್ತಿಂದ ಇಲ್ಲ ಕಣೇ. ವಾಸ್ನೆನೂ ಇಲ್ಲ, ರುಚಿನೂ ಇಲ್ಲ. ಹೋಳಿಗೆ ತಿಂದ್ರೂ ಅಷ್ಟೇ, ಹತ್ತಿ ತಿಂದ್ರೂ ಅಷ್ಟೇ."

ಯುಗಾದಿಯಿಂದ ಒಂಬತ್ತು ತಿಂಗಳು. ಅಷ್ಟೂ ದಿನ ನಾನು ಉಂಡಿದ್ದೆ. ಅದೇ ತಿಂಗಳುಗಳಲ್ಲಿ ಅಕ್ಕನಿಗೆ ಫೋನಿನಲ್ಲಿ, "ಅಮ್ಮನ ಕೈರುಚಿ ಒಂಚೂರೂ ಬದಲಾಗಿಲ್ಲ" ಎಂದೂ ಹೇಳಿದ್ದೆ. ಸೀದ ಪಾತ್ರೆ ಕೈಯಲ್ಲಿ ಹಿಡಿದು ನಿಂತೆ. ಏನೂ ಬದಲಾಗಿರಲಿಲ್ಲ ಎನ್ನುವುದು ನಿಜವಾಗಿತ್ತು.

ಡಾಕ್ಟರು ಪರೀಕ್ಷಿಸಿ, ಈ ವಯಸ್ಸಿಗೆ ಮರಳಿ ಬಂದರೂ ಬರಬಹುದು, ಇಲ್ಲದಿದ್ದರೂ ಇಲ್ಲ ಎಂದರು. ಮರುದಿನ ಅಕ್ಕ ತ್ಯಾಗರಾಜನಗರದಿಂದ ಆಟೋ ಹಿಡಿದು ಬಂದಳು. ಚಪ್ಪಲಿ ಬಿಡುತ್ತಲೇ ಶುರು ಮಾಡಿದಳು.

"ಗ್ಯಾಸ್ ಸೋರಿದ್ರೂ ಗೊತ್ತಾಗಲ್ಲ ಇವಳಿಗೆ. ಹಳಸಿದ್ದೂ ಗೊತ್ತಾಗಲ್ಲ. ಅಡುಗೆಗೆ ಜನ ಇಡೋಣ. ನಮ್ಮ ಪಕ್ಕದ ಮನೆಗೆ ಬರ್ತಾಳಲ್ಲ, ಒಳ್ಳೆ ಹೆಂಗಸು."

"ಒಳ್ಳೇವಳೇ ಇರ್ಬಹುದಮ್ಮ," ಅಮ್ಮ ಹೇಳಿದಳು. "ಆಮೇಲೆ ನಾನೇನ್ ಮಾಡ್ಲಿ? ಗೋಡೆ ನೋಡ್ಕೊಂಡು ಕೂತ್ಕೊಳ್ಲಾ?"

"ಟಿವಿ ನೋಡು."

"ಅದ್ರಲ್ಲೂ ಅಡುಗೆನೇ ತೋರಿಸ್ತಾರೆ. ಒಂದೊಂದು ಸೌಟಿಗೂ ರುಚಿ ನೋಡ್ತಾವೆ, ಎಂಜಲು ಮುಂಡೇವು."

ಅಪ್ಪ ಪೇಪರಿನ ಹಿಂದೆ ನಕ್ಕದ್ದು ಪೇಪರು ಅಲುಗಿದ್ದರಿಂದ ಗೊತ್ತಾಯಿತು. ಆದರೆ ಮಾತಾಡಲಿಲ್ಲ. ಅಡುಗೆಯ ವಿಷಯವಲ್ಲವೇ.

ಕೊನೆಗೆ ಸಂಕ್ರಾಂತಿಯವರೆಗೆ ನೋಡೋಣ ಎಂದಾಯಿತು. ಅಕ್ಕನದು ಎರಡು ಷರತ್ತು. ಬೆಳಿಗ್ಗೆ ನಾನು ಮೂಸಿ ನೋಡಿದ ಮೇಲೆಯೇ ಒಲೆ ಹಚ್ಚಬೇಕು, ಅಡುಗೆ ಮುಗಿಯುವವರೆಗೆ ನಾನು ಅಲ್ಲೇ ಇರಬೇಕು. ಒಂದು ದಿನ ಅಡುಗೆ ಕೆಟ್ಟರೂ ಆ ಹೆಂಗಸು ಬರುತ್ತಾಳೆ. ಅಮ್ಮನಿಗೆ ಮಾತು ಒಪ್ಪಿಗೆಯಾಯಿತು. ಮರುದಿನದಿಂದ ಬೆಳಿಗ್ಗೆ ಆರಕ್ಕೆ ನನ್ನ ಕೋಣೆಯ ಬಾಗಿಲು ತಟ್ಟಿ ಕೂಗುತ್ತಿದ್ದಳು: "ಲೇ ಮೂಗು, ಎದ್ಯಾ?"

ಹೀಗೆ ನಾನು ಮೊದಲ ಸಲ ಅವಳು ಅಡುಗೆ ಮಾಡುವುದನ್ನು ನಿಂತು ನೋಡಿದೆ. ಅಷ್ಟು ವರ್ಷ ಅದೇ ಬಾಗಿಲಲ್ಲಿ ಓಡಾಡಿದ್ದೇನೆ, ನೋಡಿರಲಿಲ್ಲ. ಅವಳು ಅಡುಗೆಯನ್ನು ಕೇಳಿಸಿಕೊಳ್ಳುತ್ತಿದ್ದಳು. ಬಾಣಲೆಯಲ್ಲಿ ಹಸಿ ಧನಿಯಾ ಮಂಕಾಗಿ ಹೊರಳುತ್ತದೆ, ಹುರಿದದ್ದು ಗರಗರ ಎನ್ನುತ್ತದೆ. ಆ ಗರಗರಕ್ಕೆ ಅವಳ ಕೈ ತಾನೇ ಒಲೆ ತಗ್ಗಿಸುತ್ತಿತ್ತು. ಸಾಸಿವೆಯ ಕೊನೆಯ ನಾಲ್ಕು ಕಾಳು ಸಿಡಿಯುವಾಗ ಕರಿಬೇವು. ರುಬ್ಬಿದ ಮಸಾಲೆಯನ್ನು ಹೆಬ್ಬೆರಳಿನಿಂದ ಉಜ್ಜಿ, "ಇನ್ನೂ ತರಿತರಿ ಇದೆ" ಎನ್ನುವಳು. ನಾನು ಉಜ್ಜಿದರೆ ನನಗೆ ಬೆಣ್ಣೆ. ಸಾರು ಮೊದಲು ಗುಳುಗುಳು ಕುದಿದು, ಆಮೇಲೆ ದನಿ ಇಳಿಸಿ ತೊಪತೊಪ ಎನ್ನತೊಡಗಿದರೆ ಮುಚ್ಚಳ ತೆಗೆಯದೆಯೇ, "ಬೇಳೆ ಬೆಂತು ನೋಡು" ಎನ್ನುವಳು. ತೆಗೆದು ನೋಡಿದರೆ ಬೆಂದಿರುತ್ತಿತ್ತು.

ನನಗೆ ನಂಬಿಕೆ ಸಾಲಲಿಲ್ಲ. ಎಲೆಕ್ಟ್ರಾನಿಕ್ ತಕ್ಕಡಿಯೊಂದನ್ನು ತಂದು, ಅವಳು ಹಿಡಿದ ಕಲ್ಲುಪ್ಪನ್ನು ಪಾತ್ರೆಗೆ ಹಾಕುವ ಮೊದಲು ತೂಗತೊಡಗಿದೆ. ನಾಲ್ಕು ದಿನ. ನಾಲ್ಕೂ ದಿನ ಒಂದೇ ಅಂಕಿ. ನಾಲ್ಕನೆಯ ದಿನ ನಾನು ತಕ್ಕಡಿಯನ್ನೇ ಅನುಮಾನಿಸಿ ಬ್ಯಾಟರಿ ಬದಲಾಯಿಸಿದೆ.

"ರುಚಿ ನೋಡದೆ ಇದನ್ನ ಹೇಗಮ್ಮ ಕಲಿತೆ?"

"ಕಡೇಲಿ ನಾನು ಊಟಕ್ಕೆ ಕೂತಾಗ ಗೊತ್ತಾಗ್ತಿತ್ತಲ್ಲ. ಇವತ್ತಿಂದು ಇವತ್ತು ಸರಿ ಮಾಡಕ್ಕಾಗಲ್ಲ. ನಾಳೆ ಸರಿ ಮಾಡೋದು."

ಎಲ್ಲರಿಗೂ ಬಡಿಸಿ, ಕೊನೆಯಲ್ಲಿ ಕೂತು, ಮೊದಲ ತುತ್ತು ಬಾಯಿಗಿಟ್ಟು ಅವಳು ಒಂದು ಗಳಿಗೆ ಹಾಗೇ ಇರುತ್ತಿದ್ದದ್ದು ನನಗೆ ನೆನಪಿತ್ತು. ಇದೂ ಜಾಹೀರಾತಿನದೇ ಇರಬಹುದೆಂದು ಅವಳನ್ನೇ ಕೇಳಿದೆ.

"ಇಲ್ಲ, ಇರ್ತಿದ್ದೆ," ಎಂದಳು. "ಬೇರೆ ಯಾರಿಗೂ ಕಾಣಲ್ಲ ಅನ್ಕೊಂಡಿದ್ದೆ."

ಅಂದರೆ ಇಪ್ಪತ್ತು ಸಾವಿರ ದಿನ, ಒಂದೊಂದು ದಿನದ ಊಟವೂ ಮರುದಿನದ ಊಟಕ್ಕೆ ಪಾಠ. ಆ ಪಾಠ ಓದಿದ್ದು ಒಂದೇ ನಾಲಿಗೆ. ಈಗ ಅದು ಹೋಗಿತ್ತು. ಉಳಿದದ್ದು ಕೈ ಮಾತ್ರ, ಅದು ಹಿಂದೆ ಕಲಿತಷ್ಟನ್ನೇ ಬಲ್ಲದು.

ಅದು ಗೊತ್ತಿದ್ದೂ ನಾನು ತಪ್ಪು ಮಾಡಿದೆ. ಕಲ್ಲುಪ್ಪು ಮುಗಿದಿತ್ತು. ಅಂಗಡಿಯಲ್ಲಿ ಪುಡಿ ಉಪ್ಪು ಸಿಕ್ಕಿತು, ಅದನ್ನೇ ತಂದೆ. ಅಮ್ಮ ಬೆರಳಲ್ಲಿ ತಿಕ್ಕಿ, "ಇದು ನುಣ್ಣಗಿದೆಯಲ್ಲೇ" ಎಂದು ತುಸು ಕಡಿಮೆ ಹಿಡಿದಳು. ಅಷ್ಟು ಸಾಲಲಿಲ್ಲ, ಇನ್ನೂ ಕಡಿಮೆ ಬೇಕಿತ್ತು. ಅವತ್ತಿನ ಹುಳಿ ಬಾಯಿಗಿಟ್ಟರೆ ಉಪ್ಪು.

"ಸರಿಯಾಗಿದೆಯಾ?" ಎಂದು ಅಮ್ಮ ಕೇಳಿದಳು.

ಅಪ್ಪ ತಲೆ ಎತ್ತಲಿಲ್ಲ. ನಾನು "ಹೂಂ" ಎಂದೆ. ಹೇಳಿದರೆ ಅಡುಗೆ ಕೆಟ್ಟಿತು ಎಂದಾಗುತ್ತದೆ, ಆ ಹೆಂಗಸು ಬರುತ್ತಾಳೆ ಎಂಬ ಭಯ. ಅದಕ್ಕಿಂತ ಹಳೆಯದು, ಊಟಕ್ಕೆ ಹೆಸರಿಡದ ಅಭ್ಯಾಸ. ಮೂರು ದಿನ ಹಾಗೇ ಉಂಡೆವು. ನಾಲ್ಕನೆಯ ಮಧ್ಯಾಹ್ನ ಅಮ್ಮ ಬಡಿಸುವುದನ್ನು ನಿಲ್ಲಿಸಿ ನೀರಿನ ಚೊಂಬನ್ನು ಎತ್ತಿ ಅಲುಗಿಸಿದಳು.

"ಚಳೀಲಿ ನಿಮ್ಮಪ್ಪ ಊಟದ ಮಧ್ಯೆ ಅರ್ಧ ಲೋಟ ನೀರು ಕುಡಿಯೋರು. ಮೂರು ದಿನದಿಂದ ಚೊಂಬು ಖಾಲಿ. ಉಪ್ಪು ಜಾಸ್ತಿ ಬೀಳ್ತಿದೆ ಅಲ್ವಾ?"

ಅಪ್ಪ ಇನ್ನೊಂದು ತುತ್ತು ಕಲಸಿದರು.

"ಬಾಯಿದ್ದೋರು ಒಬ್ರೂ ಇಲ್ವಾ ಈ ಮನೇಲಿ? ಇಷ್ಟು ವರ್ಷ ನಿಮ್ಮೆಲ್ರ ನಾಲಿಗೆ ಕೆಲಸಾನೂ ನನ್ನ ನಾಲಿಗೆನೇ ಮಾಡ್ತು. ಈಗ ಅದಿಲ್ಲ. ನೀವೂ ಹೇಳಲ್ಲ ಅಂದ್ರೆ ನಾನು ಯಾವ ಧೈರ್ಯದ ಮೇಲೆ ಒಲೆ ಹಚ್ಲಿ?" ಚೊಂಬನ್ನು ಕೆಳಗಿಟ್ಟಳು. "ನಿಮ್ಮಕ್ಕಂಗೆ ಫೋನ್ ಮಾಡು. ಆ ಹೆಂಗಸು ಬರ್ಲಿ."

ಒಂಬತ್ತು ತಿಂಗಳು ಕತ್ತಲಲ್ಲಿ ನಡೆದ ಹಾಗೆ ನಡೆದವಳನ್ನು ಸೋಲಿಸಿದ್ದು ನಮ್ಮ ಮರ್ಯಾದೆ. ನಾನು ಫೋನ್ ಮಾಡಿದೆ. ಆ ಹೆಂಗಸು ಸೋಮವಾರದಿಂದ ಬರುವುದೆಂದಾಯಿತು.

ಭಾನುವಾರ ಅಕ್ಕ ಬೆಳಿಗ್ಗೆಯೇ ಬಂದಳು. ಅಮ್ಮ ಕೊನೆಯದೆಂದು ಹಿತಕಬೇಳೆ ಸಾರು, ಮುದ್ದೆ ಮಾಡಿದಳು. ಹೆದರಿದ ಕೈ ಅದು. ಪುಡಿ ಉಪ್ಪನ್ನು ಹಿಡಿದು, ಅರ್ಧ ವಾಪಸ್ಸು ಸುರಿದು, ಉಳಿದದ್ದನ್ನು ಹಾಕಿದಳು. ಎಡೆ ಆಯಿತು. ಮೂವರಿಗೂ ಬಡಿಸಿ, ಸಾರಿನ ಪಾತ್ರೆ ಹಿಡಿದು ನಿಂತಳು. ಮುದ್ದೆಗೆ ತನ್ನದೇ ಉಪ್ಪಿಲ್ಲ, ಎಲ್ಲವನ್ನೂ ಸಾರೇ ಹೇಳಬೇಕು.

ಅಪ್ಪ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ನುಂಗಿದರು. ಕೈ ತಟ್ಟೆಯ ಮೇಲೆ ನಿಂತಿತು. ತಟ್ಟೆಯನ್ನೇ ನೋಡುತ್ತ ಹೇಳಿದರು:

"ಉಪ್ಪು ಕಮ್ಮಿ."

ಅಕ್ಕನ ಕೈ ಅರ್ಧದಲ್ಲಿ ನಿಂತಿತು. ಆ ದನಿಯಲ್ಲಿ ಆ ಮಾತು ನಾವಿಬ್ಬರೂ ಎಂದೂ ಕೇಳಿರಲಿಲ್ಲ.

"ಏನಂದ್ರಿ?" ಅಮ್ಮ ಕೇಳಿದಳು.

"ಉಪ್ಪು. ಒಂದು ಚಿಟಿಕೆ ಬೇಕು. ಬೇಳೆ ಸರಿಯಾಗಿ ಬೆಂದಿದೆ. ಮೆಣಸಿನಕಾಯಿ ಒಂಚೂರು ಜಾಸ್ತಿ ಹುರಿದಿದೀಯ. ಹೋದ ವಾರದ ಹುಳಿಗೆ ಹುಣಸೆಹಣ್ಣು..."

"ಅಯ್ಯೋ ಸಾಕು ಸಾಕು! ಐವತ್ತಾರು ವರ್ಷದ್ದು ಒಂದೇ ದಿನ ಹೇಳ್ಬೇಡಿ!" ಅಮ್ಮ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು. "ಅಂದ್ರೆ ಇಷ್ಟು ದಿನ ಎಲ್ಲಾ ಗೊತ್ತಾಗ್ತಿತ್ತಾ ನಿಮಗೆ?"

"ಗೊತ್ತಾಗ್ತಿತ್ತು. ನೀನೂ ಮೊದಲನೇ ತುತ್ತು ಬಾಯಿಗಿಟ್ಟು ಹಾಗೇ ಕೂತಿರ್ತಿದ್ಯಲ್ಲ. ನಿಂಗೂ ಗೊತ್ತಾಯ್ತು, ಇನ್ನು ನಾನ್ಯಾಕೆ ಹೇಳ್ಲಿ ಅಂತ ಸುಮ್ನಿರ್ತಿದ್ದೆ."

ಆ ಗಳಿಗೆಯನ್ನು ಕಂಡದ್ದು ನಾನೊಬ್ಬಳೇ ಎಂದುಕೊಂಡಿದ್ದೆ. ಅಪ್ಪ ಅಷ್ಟೂ ವರ್ಷ ತಮ್ಮ ಊಟ ಮುಗಿದ ಮೇಲೂ ಎಲೆ ಅಡಿಕೆಯ ನೆಪದಲ್ಲಿ ಅಲ್ಲೇ ಕೂತಿರುತ್ತಿದ್ದದ್ದು ಇದಕ್ಕೇ. ಅದನ್ನು ನಾನು ಸೋಮಾರಿತನ ಎಂದು ಒಂದು ಕಡೆ ಬರೆದಿದ್ದೇನೆ.

ಅಮ್ಮ ಉಪ್ಪಿನ ಡಬ್ಬಿ ತಂದು, ಸಾರಿಗೆ ಒಂದು ಚಿಟಿಕೆ ಹಾಕಿ, ಕಲಕಿ, ಅವರ ತಟ್ಟೆಗೆ ಒಂದು ಸೌಟು ಬಿಟ್ಟಳು.

"ಈಗ?"

ಅಪ್ಪ ಇನ್ನೊಂದು ತುತ್ತು ಅದ್ದಿ ನುಂಗಿದರು.

"ಈಗ ಸರಿ."

ಒಪ್ಪಿಕೊಳ್ಳಬೇಕು, ನನ್ನ ನಾಲಿಗೆಗೆ ಅದು ಮೊದಲೇ ಸರಿಯಿತ್ತು. ಆದರೆ ಮೂರು ದಿನ ಉಪ್ಪು ತಿಂದ ನಾಲಿಗೆಯ ಸಾಕ್ಷಿಯನ್ನು ನಾನು ನಂಬುವುದಿಲ್ಲ. ಅಪ್ಪನನ್ನು ಕೇಳಲೂ ಇಲ್ಲ.

"ಪುಡಿ ಉಪ್ಪಿಗೆ ಇಷ್ಟು," ಎಂದು ಅಮ್ಮ ಮೂರು ಬೆರಳನ್ನು ಒಂದಕ್ಕೊಂದು ತಾಗಿಸಿ, ತನಗೆ ತಾನೇ ಹೇಳಿಕೊಂಡಳು. ಕೈ ಹೊಸದನ್ನು ಕಲಿಯುತ್ತಿತ್ತು, ಎಂಬತ್ತರ ಹತ್ತಿರ.

ಅಕ್ಕ ಎಡಗೈಯಲ್ಲಿ ಫೋನ್ ಎತ್ತಿಕೊಂಡು ಎದ್ದಳು. "ಅವಳಿಗೆ ನಾಳೆ ಬರ್ಬೇಡ ಅಂತೀನಿ. ಆದ್ರೆ ಅಪ್ಪಾ, ದಿನಾ ಹೇಳ್ಬೇಕು ನೀವು."

"ದಿನಾನಾ?" ಅಪ್ಪ ನಿಜವಾಗಿಯೂ ಗಾಬರಿಯಾದರು.

ಅಮ್ಮ ಕೊನೆಯಲ್ಲಿ ಕೂತು ತನಗೆ ಬಡಿಸಿಕೊಂಡಳು. ಮೊದಲ ತುತ್ತು ನುಂಗಿದಳು. ಅವಳಿಗೆ ಅದು ಹತ್ತಿ. ಆದರೂ ಒಂದು ಗಳಿಗೆ ಹಾಗೇ ಕೂತಳು, ಮೊದಲಿನ ಹಾಗೇ. ಎಲೆಗೆ ಸುಣ್ಣ ಹಚ್ಚುತ್ತಿದ್ದ ಅಪ್ಪ ಕೈ ನಿಲ್ಲಿಸಿ ನೋಡಿದರು. ಅವಳು ನೋಡುತ್ತಿದ್ದದ್ದು ಚೊಂಬನ್ನು. ನೀರು ಕುತ್ತಿಗೆಯವರೆಗೂ ಇತ್ತು.