ಹತ್ತೊಂಬತ್ತನೇ ನಂಬರಿನ ಸೊನ್ನೆ

ಸರ್ಕಾರದಿಂದ ಬರುವ ಯಾವ ಲಕೋಟೆಯನ್ನೂ ನಾನು ನಿಂತುಕೊಂಡು ಒಡೆಯುವುದಿಲ್ಲ. ಕೂತು, ಬೆಳಕಿಗೆ ಹಿಡಿದು ನೋಡಿ, ನನ್ನ ಹೆಸರಿನ ಕಾಗುಣಿತ ಸರಿಯಿದೆಯೇ ಎಂದು ಪರೀಕ್ಷಿಸಿ, ಆಮೇಲೆ ಒಡೆಯುತ್ತೇನೆ. ನೆದರ್ಲೆಂಡ್ಸಿನ ವಾಗೆನಿಂಗನ್‌ಗೆ ಓದಲು ಬಂದು ಐದು ವರ್ಷ ದಾಟಿದ ಮೇಲೆ ಅಂಥದ್ದೊಂದು ಲಕೋಟೆ ಬಂತು. ಪುರಸಭೆ ಚುನಾವಣೆಯಲ್ಲಿ ನೀವೂ ಮತ ಹಾಕಬಹುದು ಎಂದು ಒಳಗಿದ್ದ ಚೀಟಿ ಹೇಳುತ್ತಿತ್ತು. ನಾನು ಅರ್ಜಿ ಹಾಕಿರಲಿಲ್ಲ, ಸಾಲಿನಲ್ಲಿ ನಿಂತಿರಲಿಲ್ಲ, ಯಾರ ಕೈಕಾಲೂ ಹಿಡಿದಿರಲಿಲ್ಲ. ಕೇಳದೆ ಕೊಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಯಾರೋ ಟೋಪಿ ಹಾಕಲು ನೋಡುತ್ತಿದ್ದಾರೆ ಎಂದುಕೊಂಡು ಪುರಸಭೆಗೇ ಫೋನ್ ಮಾಡಿದೆ. ಆ ಕಡೆಯ ಹೆಂಗಸು, "ಐದು ವರ್ಷ ಸತತವಾಗಿ ಇಲ್ಲೇ ಇದ್ದೀರಲ್ಲ, ಅದಕ್ಕೆ ಬಂದಿದೆ" ಎಂದಳು. "ಅಷ್ಟೇನಾ?" ಎಂದೆ. "ಅಷ್ಟೇ" ಎಂದಳು. ಫೋನ್ ಇಟ್ಟ ಮೇಲೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ.

ಅನುಮಾನಕ್ಕೆ ನನಗೆ ಮನೆಯಲ್ಲೇ ತರಬೇತಿ ಆಗಿತ್ತು. ಹುಬ್ಬಳ್ಳಿಯ ನಮ್ಮ ಓಣಿಯಲ್ಲಿ ಚುನಾವಣೆ ಬಂತೆಂದರೆ ಕುಕ್ಕರ್ ಬರುತ್ತಿತ್ತು. ಅವ್ವ ಒಬ್ಬರ ಕುಕ್ಕರ್ ಇಸಿದುಕೊಂಡು ಇನ್ನೊಬ್ಬರಿಗೆ ವೋಟು ಒತ್ತಿ ಬಂದು, "ಕುಕ್ಕರೂ ನಂದ, ವೋಟೂ ನಂದ" ಎಂದು ನಗುತ್ತಿದ್ದಳು. ಹದಿನೆಂಟು ತುಂಬಿದಾಗ ನಾನೂ ಒಮ್ಮೆ ಮತ ಹಾಕಿದ್ದೆ, ಕುಕ್ಕರಿಗಲ್ಲ, ಮನಸಾರೆ. ನಾನು ಹಾಕಿದ ಮನುಷ್ಯ ಗೆದ್ದ. ಗೆದ್ದು ವರ್ಷ ತುಂಬುವುದರೊಳಗೆ ಎದುರು ಪಕ್ಷಕ್ಕೆ ಹಾರಿದ. ಅವತ್ತಿನಿಂದ ಭರವಸೆ ಎಂಬ ಪದ ಕಿವಿಗೆ ಬಿದ್ದರೆ ಮೈ ಉರಿಯುತ್ತದೆ. ನಮ್ಮ ಭಾಷೆಯಲ್ಲಿ ರಾಜಕಾರಣಿ ಕೊಡುವುದೂ ಭರವಸೆ, ಜನ ಇಟ್ಟುಕೊಂಡು ಕಾಯುವುದೂ ಭರವಸೆ, ಒಬ್ಬರ ಮೇಲೊಬ್ಬರು ಇಡುವುದೂ ಭರವಸೆ. ಡಚ್ಚಿನಲ್ಲಿ ಮೂರಕ್ಕೂ ಬೇರೆ ಬೇರೆ ಪದಗಳಿವೆ. ಇವರು ಮೂರು ಡಬ್ಬಿಯಲ್ಲಿ ಇಟ್ಟಿದ್ದನ್ನು ನಾವು ಒಂದೇ ಡಬ್ಬಿಗೆ ಸುರಿದಿದ್ದೇವೆ, ಅದಕ್ಕೇ ನಮ್ಮನ್ನು ಯಾಮಾರಿಸುವುದು ಸುಲಭ ಎಂದು ನಾನು ಕ್ಯಾಂಟೀನಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಭಾಷಣ ಬಿಗಿಯುತ್ತಿದ್ದೆ.

ನಾನು ಬಾಡಿಗೆಗಿದ್ದದ್ದು ಎಂಬತ್ತು ದಾಟಿದ ಒಬ್ಬ ಡಚ್ ಹೆಂಗಸಿನ ಮನೆಯ ಮಹಡಿಯ ಕೋಣೆಯಲ್ಲಿ. ಮನಸ್ಸಿನಲ್ಲೇ ಅವರನ್ನು ಅಜ್ಜಿ ಅನ್ನುತ್ತಿದ್ದೆ. ಅವರ ಡಚ್ ನಿಧಾನ, ನನ್ನದು ಕುಂಟು, ಹಾಗಾಗಿ ಇಬ್ಬರಿಗೂ ಹೊಂದಿಕೆಯಾಗಿತ್ತು. ಭಾನುವಾರ ಕಾಫಿಗೆ ಕೂತಾಗ ರಾಜಕೀಯದ ಮಾತು ಬರುತ್ತಿತ್ತು. ಎಲ್ಲ ದೇಶದಲ್ಲೂ ಎಣಿಕೆಯೆಂಬುದು ನಾಟಕ, ಯಾರು ಗೆಲ್ಲಬೇಕೆಂದು ಮೊದಲೇ ತೀರ್ಮಾನವಾಗಿರುತ್ತದೆ ಎಂದು ನಾನು ವಾದಿಸುತ್ತಿದ್ದೆ. ಅಜ್ಜಿಗೆ ಅದು ಭಾರೀ ತಮಾಷೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ, ಪ್ರತಿ ಚುನಾವಣೆಗೂ, ಅವರು ಮತ್ತು ತೀರಿಹೋದ ಅವರ ಗಂಡ ಬೀದಿಯ ಕೊನೆಯ ಶಾಲೆಯಲ್ಲಿ ಮತಗಟ್ಟೆಯ ಮೇಜಿನ ಹಿಂದೆ ಕೂತವರು. "ಎಣಿಸೋಳು ನಾನು, ಪಕ್ಕದಲ್ಲಿ ಬೇಕರಿಯವನು. ಯಾರು ಬೇಕಾದರೂ ಬಂದು ನಿಂತು ನೋಡಬಹುದು. ಮೋಸ ಯಾವಾಗ ಮಾಡೋದು?" ಎನ್ನುತ್ತಿದ್ದರು. "ಮಾಡೋರಿಗೆ ಟೈಮ್ ಸಿಗುತ್ತೆ" ಎಂದು ನಾನು ಬಿಸ್ಕತ್ತು ಮುರಿಯುತ್ತಿದ್ದೆ.

ಅಜ್ಜಿಯ ಕಾಲಿಗೆ ಬಾವು. ದಿನಾ ಬೆಳಗ್ಗೆ ಏಳೂವರೆಗೆ ಒಬ್ಬಳು ಆರೈಕೆಯವಳು ಸೈಕಲ್ಲಿನಲ್ಲಿ ಬಂದು, ನೆಲದ ಮೇಲೆ ಮಂಡಿಯೂರಿ, ಮೊಣಕಾಲವರೆಗಿನ ಬಿಗಿ ಕಾಲುಚೀಲಗಳನ್ನು ಅವರಿಗೆ ಎಳೆದು ತೊಡಿಸಿ ಹೋಗುತ್ತಿದ್ದಳು. ನಾನು ಅದೇ ಹೊತ್ತಿಗೆ ಬ್ರೆಡ್ ತಿನ್ನುತ್ತಿದ್ದರಿಂದ ಇಬ್ಬರಿಗೂ ನಮಸ್ಕಾರದ ಪರಿಚಯ. ಎರಡು ವರ್ಷದಲ್ಲಿ ನಾನು ಅವಳ ಹೆಸರು ಕೇಳಿರಲಿಲ್ಲ. ನನ್ನ ಮಟ್ಟಿಗೆ ಅವಳು ಕಾಲುಚೀಲದವಳು, ಅಷ್ಟೇ.

ಆ ಸಲದ ಚುನಾವಣೆಯ ಹೊತ್ತಿಗೆ ಅಜ್ಜಿಗೆ ಸೊಂಟದ ಆಪರೇಷನ್ ಆಗಿತ್ತು, ಶಾಲೆಯವರೆಗೆ ನಡೆಯುವ ಹಾಗಿರಲಿಲ್ಲ. ಈ ದೇಶದಲ್ಲಿ ಅದಕ್ಕೊಂದು ಉಪಾಯವಿದೆ. ಅಂಚೆಯಲ್ಲಿ ಬಂದ ಮತದ ಚೀಟಿಯ ಹಿಂದೆ ಸಹಿ ಮಾಡಿ, ಗುರುತಿನ ಚೀಟಿಯ ನಕಲು ಜೊತೆಗಿಟ್ಟು, ಅದೇ ಊರಿನ ಇನ್ನೊಬ್ಬ ಮತದಾರರ ಕೈಗೆ ಕೊಟ್ಟರೆ, ಅವರು ತಮ್ಮ ಮತ ಹಾಕುವಾಗ ನಿಮ್ಮದನ್ನೂ ಹಾಕುತ್ತಾರೆ. ಮೊದಲ ಸಲ ಕೇಳಿದಾಗ ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಹುಬ್ಬಳ್ಳಿಯಲ್ಲಿ ಇಂಥ ಕಾನೂನು ಇದ್ದಿದ್ದರೆ ಇಡೀ ಓಣಿಯ ಮತ ಒಂದೇ ಚೀಲದಲ್ಲಿ ಹೋಗುತ್ತಿತ್ತು. ಅಜ್ಜಿ ಅಡುಗೆಮನೆಯ ಮೇಜಿನ ಮೇಲೆ ಸಹಿ ಹಾಕಿ ಚೀಟಿಯನ್ನು ನನ್ನ ಕಡೆ ತಳ್ಳಿ, "ಆರನೇ ಪಟ್ಟಿ, ಹತ್ತೊಂಬತ್ತನೇ ನಂಬರ್" ಎಂದರು.

"ನಾನು ಬೇರೆ ಯಾರಿಗಾದರೂ ಹಾಕಿಬಿಟ್ಟರೆ?" ಎಂದೆ, ಅರ್ಧ ತಮಾಷೆಗೆ.

ಅಜ್ಜಿ ಕನ್ನಡಕದ ಮೇಲಿಂದ ನೋಡಿ, "ಯಾಕೆ ಹಾಗೆ ಮಾಡ್ತೀಯ?" ಎಂದು ಕೇಳಿದರು. ಗದರಿಸಿದ್ದಲ್ಲ, ನಿಜವಾಗಿಯೂ ಕಾರಣ ತಿಳಿಯಬೇಕಿತ್ತು ಅವರಿಗೆ. ನಾನು ಚೀಟಿ ಮಡಿಸಿ ಜೇಬಿಗಿಟ್ಟುಕೊಂಡೆ.

ಮಹಡಿಗೆ ಹೋಗಿ ಮೊದಲು ಮಾಡಿದ ಕೆಲಸವೆಂದರೆ ಆರನೇ ಪಟ್ಟಿ ಯಾರದೆಂದು ಹುಡುಕಿದ್ದು. ಇಲ್ಲಿ ಪಕ್ಷಕ್ಕೊಂದು ಪಟ್ಟಿ, ಪಟ್ಟಿಯೊಳಗೆ ಒಬ್ಬೊಬ್ಬ ಅಭ್ಯರ್ಥಿಗೂ ಒಂದು ನಂಬರ್. ಆರನೆಯದು ಊರಿನದೇ ಒಂದು ಸಣ್ಣ ಪಕ್ಷ. ಅವರ ಮೊದಲ ಪುಟದಲ್ಲೇ ಇತ್ತು, ಆಟದ ಮೈದಾನದ ಹಿಂದಿನ ಹೊಲದಲ್ಲಿ ವಿದ್ಯಾರ್ಥಿಗಳಿಗೆ ಫ್ಲ್ಯಾಟ್ ಕಟ್ಟಲು ಬಿಡುವುದಿಲ್ಲ, ಊರು ಮೊದಲು ಊರಿನವರಿಗೆ. ನನಗೆ ರಕ್ತ ಕುದಿಯಿತು. ದಾವಣಗೆರೆಯಿಂದ ಬಂದ ನಮ್ಮ ಜೂನಿಯರ್ ಹುಡುಗಿ ಕೋಣೆ ಸಿಗದೆ ಮೂರನೇ ತಿಂಗಳೂ ಗೆಳತಿಯ ಸೋಫಾದ ಮೇಲೆ ಮಲಗುತ್ತಿದ್ದಳು. ಆ ಹತ್ತೊಂಬತ್ತನೇ ನಂಬರ್ ಯಾರೆಂದು ನೋಡುವ ಗೋಜಿಗೂ ನಾನು ಹೋಗಲಿಲ್ಲ. ನನ್ನ ಅನುಮಾನ ಆಗಲೇ ಪೂರ್ತಿ ಕಥೆ ಕಟ್ಟಿತ್ತು. ಅಜ್ಜಿ ನನ್ನವರ ವಿರುದ್ಧದ ಮತವನ್ನು ನನ್ನ ಕೈಯಿಂದಲೇ ಹಾಕಿಸುತ್ತಿದ್ದಾರೆ. ಒಂದೋ ನಾನು ಹೊರಗಿನವಳು ಎಂಬುದೇ ಅವರಿಗೆ ಹೊಳೆದಿಲ್ಲ, ಇಲ್ಲವೇ ಚೆನ್ನಾಗಿ ಹೊಳೆದು ನನ್ನನ್ನು ಪರೀಕ್ಷೆ ಮಾಡುತ್ತಿದ್ದಾರೆ. ಇವೆರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದು ಎಂದು ಯೋಚಿಸುತ್ತ ಅವತ್ತು ಕೆಲಸ ಕೆಡಿಸಿಕೊಂಡೆ.

ಇದರ ನಡುವೆ ಇನ್ನೊಂದು ಎಡವಟ್ಟಾಯಿತು. ಬೇರೊಂದು ಪಕ್ಷದ ಯುವತಿಯೊಬ್ಬಳು ನಮ್ಮ ವಿಭಾಗದ ಕ್ಯಾಂಟೀನಿಗೆ ಬಂದು ಆ ಫ್ಲ್ಯಾಟ್‌ಗಳ ಪರವಾಗಿ ಮಾತಾಡಿದಳು. ಯಾವಾಗ ಕಟ್ಟುತ್ತೀರಿ ಎಂದು ನಾನು ಅಡ್ಡ ಪ್ರಶ್ನೆ ಹಾಕಿದೆ. "ಗೊತ್ತಿಲ್ಲ, ವಿಚಾರಿಸಿ ತಿಳಿಸ್ತೀನಿ" ಎಂದಳು. ಮರುದಿನ ನಿಜವಾಗಿಯೂ ಇಮೇಲ್ ಬಂತು, ಯಾವ ಹಂತದಲ್ಲಿ ಕಡತ ನಿಂತಿದೆ, ಯಾರು ತಡೆದಿದ್ದಾರೆ, ಎಲ್ಲ ವಿವರವಾಗಿ. ಮತ ಕೇಳುವವರ ಬಾಯಲ್ಲಿ ಗೊತ್ತಿಲ್ಲ ಎಂಬ ಮಾತನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಇದರಲ್ಲೂ ಏನೋ ಮಸಲತ್ತಿರಬೇಕು ಎಂದು ಇಮೇಲನ್ನು ನಾಲ್ಕು ಸಲ ಓದಿದೆ. ಓದುತ್ತ ಓದುತ್ತ ಖುಷಿಯಾಗಿಬಿಟ್ಟಿತು. ನನಗೆ ನನ್ನ ಮೇಲೇ ಸಿಟ್ಟು ಬಂತು.

ಮತದಾನ ಶಾಲೆಯ ಜಿಮ್ನಾಸಿಯಮ್ಮಿನಲ್ಲಿ. ಇಲ್ಲಿ ಯಂತ್ರವಿಲ್ಲ, ಚಾದರದಷ್ಟು ದೊಡ್ಡ ಕಾಗದ, ಸರಪಳಿಗೆ ಕಟ್ಟಿದ ಕೆಂಪು ಪೆನ್ಸಿಲ್. ನನಗೆ ಎರಡು ಕಾಗದ ಕೊಟ್ಟರು. ಮೊದಲನೆಯದರಲ್ಲಿ ಇಮೇಲ್ ಬರೆದವಳ ಹೆಸರಿನ ಮುಂದಿನ ಬಿಳಿ ಚುಕ್ಕೆಯನ್ನು ಕೆಂಪು ಮಾಡಿದೆ. ಎರಡನೆಯದನ್ನು ಬಿಡಿಸಿಕೊಂಡು ನಿಂತೆ. ಆರನೇ ಪಟ್ಟಿ ಕಣ್ಣೆದುರೇ ಇತ್ತು. ಯಾರಿಗೆ ಗೊತ್ತಾಗುತ್ತದೆ ಎಂದುಕೊಂಡೆ. ಪೆನ್ಸಿಲ್ ಎಡಕ್ಕೆ ಸರಿಸಿ ಮತ್ತೆ ಅದೇ ಯುವತಿಯ ಚುಕ್ಕೆ ತುಂಬಿದೆ. ಎರಡು ಕ್ಷಣದ ಕೆಲಸ. ಆಗ ನಾಚಿಕೆಯಾಗಲಿಲ್ಲ, ಸುಳ್ಳು ಯಾಕೆ ಹೇಳಲಿ, ರೋಮಾಂಚನವಾಯಿತು. ಭರವಸೆ ಇಲ್ಲ ಇಲ್ಲ ಎಂದು ಊರೆಲ್ಲ ಸಾರಿದವಳು ಅದು ಒಂಚೂರು ಸಿಕ್ಕಿದ ಕೂಡಲೇ ಮೋಸಕ್ಕೆ ಇಳಿದಿದ್ದೆ. ಅದರಿಂದ ಏನಾದರೂ ಗಿಟ್ಟಿತೇ ಎಂದರೆ ಅದೂ ಇಲ್ಲ. ಮುಂದೆ ಕೆಲವು ವಾರಗಳಲ್ಲಿ ಆ ಯುವತಿಯ ಪಕ್ಷವೂ ಆರನೇ ಪಟ್ಟಿಯವರೂ ಕೈಜೋಡಿಸಿ ಆಡಳಿತ ಹಿಡಿದರು. ಫ್ಲ್ಯಾಟ್‌ಗಳ ವಿಷಯ ಪರಿಶೀಲನೆಯಲ್ಲಿದೆ ಎಂದರು.

ಅವತ್ತು ಹೊರಗೆ ಬಂದು ಅವ್ವನಿಗೆ ವಿಡಿಯೋ ಕಾಲ್ ಮಾಡಿದೆ. "ಬೆರಳು ತೋರಿಸು ನೋಡೂನು" ಎಂದಳು. ತೋರಿಸಿದೆ. "ಶಾಯಿ ಎಲ್ಲೈತಿ? ಶಾಯಿ ಇಲ್ಲಂದ್ರ ಅದೆಂಥಾ ವೋಟವಾ?" ಎಂದು ಅವಳೂ ನನ್ನ ಹಾಗೇ ಅನುಮಾನಪಟ್ಟಳು. ಮನೆಗೆ ಬಂದಾಗ ಅಜ್ಜಿ, "ಆಯ್ತಾ?" ಎಂದರು. "ಆಯ್ತು" ಎಂದೆ.

ಮುಂದಿನ ವಾರ ಒಂದು ಬೆಳಗ್ಗೆ ಕಾಲುಚೀಲದವಳು ಅಜ್ಜಿಯ ಪಾದ ತೊಡೆಯ ಮೇಲಿಟ್ಟುಕೊಂಡು ನಗುತ್ತ ಹೇಳಿದಳು, "ಅಲ್ಲಾ, ನೀವು ನನಗೇ ಹಾಕ್ತೀನಿ ಅಂದಿದ್ರಿ!"

"ಹಾಕಿದೀನಲ್ಲ" ಎಂದರು ಅಜ್ಜಿ. "ಇವಳ ಕೈಲಿ ಕೊಟ್ಟು ಕಳಿಸಿದೆ. ಶಾಲೆಯಲ್ಲೇ ಹಾಕಿ ಬಂದಳು."

"ಶಾಲೆಯಲ್ಲಾ? ಪುರಸಭೆಯವರು ಒಂದೊಂದು ಮತಗಟ್ಟೆಯ ಲೆಕ್ಕಾನೂ ವೆಬ್‌ಸೈಟಿನಲ್ಲಿ ಹಾಕಿದಾರೆ. ಬೇರೆ ಕಡೆ ಅಲ್ಲೊಂದು ಇಲ್ಲೊಂದು ಬಿದ್ದಿದೆ. ಶಾಲೆಯಲ್ಲಿ ಹತ್ತೊಂಬತ್ತನೇ ನಂಬರಿಗೆ ಸೊನ್ನೆ."

ನನ್ನ ಬಾಯಲ್ಲಿದ್ದ ಬ್ರೆಡ್ ಅಲ್ಲೇ ನಿಂತಿತು. ಆರನೇ ಪಟ್ಟಿಯ ಹತ್ತೊಂಬತ್ತನೇ ನಂಬರ್ ಎಂದರೆ ಇವಳು! ಪಟ್ಟಿಯ ತಳದಲ್ಲಿ, ಗೆಲ್ಲುವ ಯಾವ ಸಾಧ್ಯತೆಯೂ ಇಲ್ಲದೆ ನಿಂತವಳು. ಅಜ್ಜಿ ಪಕ್ಷ ನೋಡಿ ಮತ ಕೊಟ್ಟಿರಲಿಲ್ಲ, ದಿನಾ ತಮ್ಮ ಕಾಲ ಬುಡದಲ್ಲಿ ಕೂರುವವಳಿಗೆ ಕೊಟ್ಟಿದ್ದರು. "ಬಿಡಿ, ಎಲ್ಲರೂ ಹಾಕ್ತೀನಿ ಅಂತಾನೇ ಹೇಳೋದು" ಎಂದು ಅವಳು ಅಜ್ಜಿಯ ಮಂಡಿ ತಟ್ಟಿ ಎದ್ದಳು. ಬೇಸರದಿಂದ ಅಂದಿದ್ದಲ್ಲ. ಆದರೆ ಅಜ್ಜಿಯ ಕಿವಿ ಕೆಂಪಾಯಿತು.

ಅವಳು ಹೋದ ಮೇಲೆ ಅಜ್ಜಿ ಆ ಸೊನ್ನೆಯ ಲೆಕ್ಕಕ್ಕೆ ಬಿದ್ದರು. ನನ್ನ ಮೇಲೆ ಅವರಿಗೆ ಎಳ್ಳಷ್ಟೂ ಸಂಶಯ ಬಂದಿರಲಿಲ್ಲ. ಕೊನೆಗೆ, "ಹಾಗಾದರೆ ಎಣಿಕೆ ತಪ್ಪಾಗಿದೆ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀನು ಹೇಳ್ತಾನೇ ಇದ್ದೆ. ನಾನು ನಗ್ತಿದ್ದೆ. ನೀನೇ ಸರಿ" ಎಂದರು. ಜೀವನದಲ್ಲಿ ವಾದ ಗೆದ್ದು ಅಷ್ಟು ಹೆದರಿದ್ದು ಅದೊಂದೇ ಸಲ. ಸಂಜೆ ಪುರಸಭೆಗೆ ಒಂದು ಪತ್ರ ಬರೆಯಬೇಕು, ಬೇಗ ಬಾ ಎಂದರು.

ಮಧ್ಯಾಹ್ನ ಲ್ಯಾಬಿನ ಹೊರಗೆ ನಿಂತು ಅವ್ವನಿಗೆ ಎಲ್ಲ ಹೇಳಿದೆ. ಕುಕ್ಕರಿನ ಕಥೆಗೆ ನಕ್ಕ ಹಾಗೆ ನಗುತ್ತಾಳೆ, ನನಗೂ ಹಗುರಾಗುತ್ತದೆ ಎಂಬ ಲೆಕ್ಕಾಚಾರ ನನ್ನದು. ಅವ್ವ ನಗಲಿಲ್ಲ. "ನನ್ನ ವೋಟು ನಾ ಬೇಕಾದವ್ರಿಗೆ ಹಾಕೀನಿ. ಅದು ಆ ಮುದುಕೀದು. ನಿಂದಲ್ಲಲ್ಲವಾ" ಎಂದಳು. ಆಮೇಲೆ, ಊಟ ಆಯಿತೇ ಎಂದು ಕೇಳಿದಳು.

ಸಂಜೆ ಮನೆಗೆ ಬಂದರೆ ಪತ್ರ ಆಗಲೇ ಸಿದ್ಧವಾಗಿತ್ತು, ಅಜ್ಜಿಯ ನಡುಗುವ ಅಕ್ಷರದಲ್ಲಿ. ಇಪ್ಪತ್ತು ವರ್ಷಕ್ಕೂ ಹೆಚ್ಚು ಆ ಮೇಜಿನ ಹಿಂದೆ ಕೂತು ಎಣಿಸಿದವಳು ನಾನು, ಒಂದು ದಿನವೂ ಸಂಶಯಪಟ್ಟವಳಲ್ಲ, ಈಗ ಕೇಳಲೇಬೇಕಾಗಿದೆ ಎಂದು ಬರೆದಿದ್ದರು. ಕೆಳಗೆ ಅವರ ಸಹಿ. ಅದರ ಪಕ್ಕದಲ್ಲಿ ಒಂದು ಗೆರೆ ಎಳೆದು ನನಗೆ ಜಾಗ ಬಿಟ್ಟಿದ್ದರು. "ನನ್ನ ಪರವಾಗಿ ಹಾಕಿದವಳು ನೀನು. ನಿನ್ನ ಸಾಕ್ಷಿ ಬೇಕು" ಎಂದು ಪೆನ್ನು ಕೊಟ್ಟರು.

ಸಹಿ ಮಾಡಿದ್ದರೆ ಏನಾಗುತ್ತಿತ್ತೋ. ಬಹುಶಃ ಪುರಸಭೆಯಿಂದ ವಿನಯದ ಒಂದು ಉತ್ತರ ಬರುತ್ತಿತ್ತು, ಅಜ್ಜಿ ಅದನ್ನು ನಂಬುತ್ತಿರಲಿಲ್ಲ, ಭಾನುವಾರದ ಕಾಫಿಗೆ ಇಬ್ಬರು ಅನುಮಾನದವರು ಎದುರುಬದುರು ಕೂತು ದೇಶವನ್ನು ಬಯ್ಯುತ್ತಿದ್ದೆವು. ನಾನು ಸಾಕಿದ ಸಂಶಯ ಈಗ ಅವರ ಮುಖದಲ್ಲಿ ಕೂತಿತ್ತು, ಅದನ್ನು ನೋಡಲು ನನ್ನಿಂದಾಗಲಿಲ್ಲ. ಪೆನ್ನು ಕೆಳಗಿಟ್ಟು, "ಎಣಿಕೆ ಸರಿಯಾಗಿದೆ. ನಾನು ನಿಮ್ಮ ಮತ ಬೇರೆಯವರಿಗೆ ಹಾಕಿದೆ" ಎಂದೆ. ಕ್ಯಾಂಟೀನಿನ ಯುವತಿ, ಫ್ಲ್ಯಾಟ್, ಸೋಫಾದ ಮೇಲಿನ ಹುಡುಗಿ, ಎಲ್ಲ ಕಾರಣಗಳನ್ನೂ ಹೇಳಿದೆ. ಹೇಳಿದಷ್ಟೂ ಅವು ಚಿಕ್ಕವಾಗುತ್ತ ಹೋದವು.

ಅಜ್ಜಿ ಪೂರ್ತಿ ಕೇಳಿಸಿಕೊಂಡರು. ಬಯ್ಯುತ್ತಾರೆ, ಮನೆ ಬಿಡು ಅನ್ನುತ್ತಾರೆ ಎಂದು ಕಾದೆ. ಅವರು ಮೊದಲು ಬಿಟ್ಟದ್ದು ಒಂದು ದೊಡ್ಡ ಉಸಿರು. "ಹಾಗಾದರೆ ಎಣಿಕೆ ಸರಿಯಾಗಿತ್ತು" ಎಂದರು, ಕಳೆದುಹೋದದ್ದು ಸಿಕ್ಕವರ ದನಿಯಲ್ಲಿ. ಆ ಸಮಾಧಾನ ನನಗೆ ಯಾವ ಬಯ್ಗಳಕ್ಕಿಂತಲೂ ಹೆಚ್ಚು ಚುಚ್ಚಿತು. ಪತ್ರವನ್ನು ಹರಿದು, ಫೋನ್ ಎತ್ತಿ, ನನ್ನೆದುರೇ ಕಾಲುಚೀಲದವಳಿಗೆ ಕರೆ ಮಾಡಿದರು. "ಆ ಸೊನ್ನೆ ಸರಿಯಾಗಿದೆ. ಎಣಿಸಿದವರದ್ದೇನೂ ತಪ್ಪಿಲ್ಲ. ನಾನು ಸುಳ್ಳು ಹೇಳಿರಲಿಲ್ಲ, ತಪ್ಪು ಕೈಗೆ ಕೊಟ್ಟಿದ್ದೆ." ಯಾರ ಕೈ ಎಂದು ಅವರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ.

ಫೋನ್ ಇಟ್ಟ ಮೇಲೆ ನಾನು ಕ್ಷಮಿಸಿ ಎಂದೆ.

"ನನ್ನ ಹತ್ತಿರ ಅಲ್ಲ" ಎಂದರು ಅಜ್ಜಿ. "ಅವಳು ಬೆಳಗ್ಗೆ ಏಳೂವರೆಗೆ ಬರ್ತಾಳೆ."

ಮರುದಿನ ಗಂಟೆ ಬಾರಿಸಿದಾಗ ಬಾಗಿಲು ತೆಗೆದವಳು ನಾನೇ.