ಮಣಿಕಟ್ಟಿಗೆ ಬಂದ ಹೊಟ್ಟೆ

ತಂಗಿಯ ಹಿರಿಮಗಳ ಲಗ್ನಪತ್ರಿಕೆಯನ್ನು ನನ್ನಿಂದ ಬರೆಸಲಿಲ್ಲ. ನಮ್ಮ ಮನೆತನದಲ್ಲಿ ಅದನ್ನು ಸೋದರಮಾವನೇ ಕೈಯಾರೆ ಬರೆಯಬೇಕು. ಸೋದರಮಾವ ನಾನು; ಬದುಕಿದ್ದೆ, ಎದುರಿಗೇ ಕುಳಿತಿದ್ದೆ. ಆದರೂ ಬರೆದವನು ತಂಗಿಯ ಗಂಡ. ಅನ್ಯಾಯ ಇಷ್ಟೇ.

ಈ ಬೆಳಿಗ್ಗೆ ತುಂಬುತೋಳಿನ ಅಂಗಿ ತೊಟ್ಟಾಗ ಬಲಗೈ ಮಣಿಕಟ್ಟಿನ ಗುಂಡಿ ಕೂಡಲಿಲ್ಲ, ಎಲ್ಲವೂ ನೆನಪಾಯಿತು. ಗುಂಡಿಯ ತಪ್ಪಲ್ಲ. ಆ ಮಣಿಕಟ್ಟಿನ ಮೇಲಿರುವುದು ನನ್ನ ಹೊಟ್ಟೆ.

ವಿವರಿಸುತ್ತೇನೆ, ಓದುಗರೇ. ಶಿರಾದಲ್ಲಿ ಕಡಲೆಕಾಯಿ ಸುಲಿಯುವ ಯಂತ್ರದ ಬೆಲ್ಟು ಮಣಿಕಟ್ಟಿನ ಮೇಲ್ಭಾಗವನ್ನು ಕಿತ್ತುಕೊಂಡಿತ್ತು. ಬೆರಳೆತ್ತುವ ಹುರಿಗಳು ಹೊರಗೇ ಕಾಣುತ್ತಿದ್ದವು. ಬರಿಯ ತೆಳುಚರ್ಮ ಹಚ್ಚಿದರೆ ಅದು ಹುರಿಗಳಿಗೆ ಕಚ್ಚಿಕೊಂಡು ಕೈ ಮಡಚದು ಎಂದ ವೈದ್ಯೆ, ನನ್ನ ಕೆಳಹೊಟ್ಟೆಯಿಂದ ಕೊಬ್ಬುಸಹಿತ ಒಂದು ಪದರ ಎಬ್ಬಿಸಿದರು. ರಕ್ತ ಹರಿಯಲೆಂದು ಒಂದು ಅಂಚನ್ನು ಹೊಟ್ಟೆಯಲ್ಲೇ ಉಳಿಸಿ, ಉಳಿದುದನ್ನು ಮಣಿಕಟ್ಟಿಗೆ ಹೊಲಿದರು. ಅದು ಹೊಸ ಜಾಗದಲ್ಲಿ ಬೇರೂರಿದ ಮೇಲೆ ಹೊಟ್ಟೆಯಿಂದ ಬಿಡಿಸುವವರೆಗೆ ಮೂರು ವಾರ ನನ್ನ ಕೈ ನನ್ನ ಹೊಟ್ಟೆಗೇ ಅಂಟಿತ್ತು.

ಪಾವಗಡದಿಂದ ನೋಡಲು ಬಂದ ತಂಗಿಯ ಗಂಡ ಬಾಗಿಲಲ್ಲೇ ನಿಂತು, ತನ್ನೂರಿನ ತೆಲುಗು ಬೆರೆಸಿ, "ಏಮಿ ಬಾವಾ, ಹೊಟ್ಟೆ ಯಾರಾನಾ ಎತ್ಕೊಂಡೋಯ್ತಾರೆ ಅಂತ ಇಂಗೆ ಇಡ್ಕೊಂಡಿದೀರಾ?" ಎಂದ. ಇಡೀ ವಾರ್ಡು ನಕ್ಕಿತು. ಪಕ್ಕದ ಹಾಸಿಗೆಯವರು ಎರಡು ಸಲ ನಕ್ಕರು.

ಮಧುಗಿರಿಯ ಮನೆಗೆ ಮರಳಿದವನು ತಟ್ಟೆಯಲ್ಲಿ ರಾಗಿ ಹರಡಿಕೊಂಡು ಬೆರಳಿನಿಂದ ಅಕ್ಷರ ತಿದ್ದಿದೆ. ಮೊದಲು ಗೆರೆ, ಆಮೇಲೆ ಸೊನ್ನೆ. 'ಶ್ರೀ' ಒಲಿಯಲು ಎರಡು ತಿಂಗಳು ಬೇಕಾಯಿತು. ಪತ್ರಿಕೆಗೆ ಮೊದಲು ಬೇಕಾದದ್ದೂ ಅದೇ. ಆದರೆ ಹಿರಿಯವಳ ನಿಶ್ಚಿತಾರ್ಥದ ದಿನ ನನ್ನ ಮುಂದಿದ್ದ ಅರಿಶಿನ ಹಚ್ಚಿದ ಕಾಗದವನ್ನು ತಂಗಿ ಎತ್ತಿಕೊಂಡಳು.

"ನಿನ್ ಕೈಗ್ಯಾಕಣ್ಣ ತೊಂದ್ರೆ, ಬುಡು. ಇವ್ರೇ ಬರೀತಾರೆ."

ಪ್ರೀತಿಯಿಂದಲೇ ಅಂದಳು, ಆದ್ದರಿಂದಲೇ ಎದುರಾಡಲಾಗಲಿಲ್ಲ. ಅವನ ಸಾಲುಗಳೋ, ಪಾವಗಡದ ಕೋಟೆ ಹತ್ತುವಂತೆ ಮೇಲೇರುತ್ತಾ, ಮುಹೂರ್ತದ ವಿವರಕ್ಕೆ ಬರುವಷ್ಟರಲ್ಲಿ ಕಾಗದದ ಅಂಚಿನಲ್ಲಿ ಏದುಸಿರು ಬಿಡುತ್ತಿದ್ದವು.

ಇಂದು ಕೊರಟಗೆರೆಯ ಗಂಡಿನ ಮನೆಯಲ್ಲಿ ಕಿರಿಯವಳ ಲಗ್ನಪತ್ರಿಕೆ. ಕರೆದೊಯ್ಯಲು ಬಂದ ತಂಗಿ ನನ್ನ ತೋಳನ್ನು ನೋಡಿ, "ಅಯ್ಯೋ ಅಣ್ಣ, ಕೈಗೂ ಹೊಟ್ಟೆ ಬಂದೈತಲ್ಲ! ನಮ್ಮನೆ ಒಬ್ಬಟ್ಟೆಲ್ಲ ಎಲ್ಲೋಯ್ತು ಅಂತ ಈಗ ಗೊತ್ತಾಯ್ತು ಬುಡು" ಎಂದು ನಕ್ಕಳು. ನಾನು ದಪ್ಪಗಾದರೆ ಮಣಿಕಟ್ಟೂ ದಪ್ಪಗಾದೀತೆಂದು ವೈದ್ಯೆ ಅಂದೇ ಎಚ್ಚರಿಸಿದ್ದರು. ನನಗೂ ನಗು ಬಂತು. ಇಷ್ಟು ದಿನ ಮುಚ್ಚಿಡುತ್ತಿದ್ದ ಮಣಿಕಟ್ಟು ಎಲ್ಲರಿಗೂ ಕಾಣುವಂತೆ ಅಂಗಿಯ ತೋಳು ಮಡಚಿ, ಮಸಿ ತುಂಬಿದ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡಿದ್ದೇನೆ.

ಹೊರಡುವ ಮೊದಲು ಒಂದೇ ಪ್ರಶ್ನೆ, ತಂಗಿಗೂ ಅವಳ ಯಜಮಾನರಿಗೂ: ನನ್ನ ಕೈಯನ್ನು ಹೊಟ್ಟೆಗೆ ಹೊಲಿದದ್ದು ಮೂರೇ ವಾರ, "ಬರೀತೀಯಾ ಅಣ್ಣ?" ಎಂದು ಒಂದು ಮಾತು ಕೇಳದಂತೆ ನಿಮ್ಮಿಬ್ಬರ ಬಾಯನ್ನು ಅಂದು ಹೊಲಿದಿದ್ದ ವೈದ್ಯರು ಯಾರು?