ಸದ್ದು ಸಾಲದ ಕಾರು

ಕಾರಿನ ಸ್ಟೀರಿಯೊ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದರೂ ಹಾಡು ಪಿಸುಗುಟ್ಟುವಷ್ಟೇ ಕೇಳುತ್ತಿತ್ತು. ಅದರ ಮೇಲೆ ಗೊರಗೊರ ಬೇರೆ. ಮೊಬೈಲಿಗೆ ಸಿಕ್ಕಿಸುವ ವೈರನ್ನು ಆರುಮುಗಂ ಎರಡು ಸಲ ಬದಲಾಯಿಸಿ, ಹಳೆಯದನ್ನು ಅಂಗಳಕ್ಕೆ ಬಿಸಾಡಿದ್ದರು.

"ವೈರ್ ಸರಿಯಾಗೇ ಐತೆ ಅಪ್ಪಾ, ನಿನ್ ಕಿವಿ ಓಗಿರೋದು," ಎಂದಳು ಮಗಳು ಮೀನಾ, ಕಾರಿನೊಳಗೆ ತಲೆಯನ್ನೂ ಹಾಕದೆ. "ನಮ್ಮನೆ ಟಿ.ವಿ. ಇಡೀ ಲೈನ್ ಮನೆಗಳಿಗೆಲ್ಲ ಕೇಳ್ಸುತ್ತೆ. ಇನ್ಮೇಲೆ ಬಾಡಿಗೆಗೆ ನಾನ್ ಓಡುಸ್ತೀನಿ. ಕೀ ಕೊಡು."

ಆರುಮುಗಂ ಕೆರಳಿದ್ದು ಅದಕ್ಕೆ. ನಂದಿದುರ್ಗ ಚಿನ್ನದ ಗಣಿಯಲ್ಲಿ ಕಾರ್ಮಿಕರನ್ನು ಇಳಿಸಿ ಹತ್ತಿಸುವ ಯಂತ್ರ ನಡೆಸಿದವರು ಅವರು. ಅಷ್ಟು ಜನರ ಜೀವ ಹಿಡಿದ ಕೈಗೆ ಒಂದು ಕಾರು ಭಾರವೇ?

"ಬಂಗಾರಪೇಟೆಗೆ ಬಾ. ಯಾರ್ದು ತಪ್ಪು ಅಂತ ವೇಣುನೇ ಏಳ್ಲಿ. ನನ್ ಕಿವೀದಲ್ಲ ಅಂದ್ರೆ ಕೀ ಸುದ್ದಿ ಎತ್ತಂಗಿಲ್ಲ!"

ಸ್ಟೀರಿಯೊ ರಿಪೇರಿಯ ವೇಣು ಮೊಬೈಲ್ ನೋಡಿ ನಕ್ಕ. "ಮಾಮಾ, ಇದ್ರಲ್ಲೇ ಸೌಂಡ್ ಇಲ್ವಲ್ಲ? ಯಾರ್ ಇಳ್ಸಿದ್ದು?"

"ನಾನೇ. ಏನನ್ನ ಜೋಡ್ಸೋದಾದ್ರೂ ಮೊದ್ಲು ಸೊನ್ನೆಗೆ ತರ್ಬೇಕು ಕಣ್ಲಾ. ಗಣೀಲಿ ಇದ್ನ ಮರ್ತಿದ್ರೆ ಜನ ಉಳೀತಿರ್ಲಿಲ್ಲ."

"ಇಲ್ಲಿ ಯಾರೂ ಬೀಳಲ್ಲ, ಬಿಡಿ. ಮೊಬೈಲ್ದು ಮುಕ್ಕಾಲು ಏರ್ಸಿ, ಆಮೇಲೆ ಗುಂಡಿ ತಿರುಗ್ಸಿ. ಅಲ್ಲಿಂದಾನೇ ಸೌಂಡ್ ಬರ್ದೇ ಇದ್ರೆ ಸ್ಟೀರಿಯೊ ಗೊರಗೊರಾನೇ ದೊಡ್ಡದು ಮಾಡೋದು."

ಹಾಗೆ ಮಾಡಿದ್ದೇ ಹಾಡು ಎಷ್ಟು ಜೋರಾಗಿ ಹೊಮ್ಮಿತೆಂದರೆ, ಎದುರಿನ ಅಂಗಡಿಯವನು ಹೊರಗೆ ಬಂದ.

"ಕೇಳ್ತಾ?" ಆರುಮುಗಂ ಮಗಳ ಮೇಲೆ ಕೂಗಿದರು. "ಕಿವಿಯಂತೆ, ಕಿವಿ!"

"ಆಯ್ತಪ್ಪಾ, ಗೆದ್ದೆ ನೀನು." ಮೀನಾ ಕಾರು ಹತ್ತಿ ಹಾಡು ನಿಲ್ಲಿಸಿದಳು.

ಆರುಮುಗಂ ಗೆದ್ದ ಉಮೇದಿನಲ್ಲೇ ಕಾರನ್ನು ಹಿಂದಕ್ಕೆ ಬಿಟ್ಟರು. ಬೀದಿಯಲ್ಲಿ ಬರುತ್ತಿದ್ದ ಬಸ್ಸು ಹಾರ್ನ್ ಒತ್ತಿ ಹಿಡಿಯಿತು. ಕಾರು ನಿಲ್ಲಲಿಲ್ಲ. ವೇಣು ಅರಚಿದ. ಆಗಲೂ ನಿಲ್ಲಲಿಲ್ಲ. ಮೀನಾ ಹ್ಯಾಂಡ್‌ಬ್ರೇಕ್ ಎಳೆದಳು.

"ಯಾಕೇ ಎಳ್ದೆ?" ಗದರಿದರು ಆರುಮುಗಂ. ಹಾರ್ನ್ ಇನ್ನೂ ಮೊರೆಯುತ್ತಿತ್ತು. ಮಗಳು ಕನ್ನಡಿಯತ್ತ ಕೈ ತೋರಿಸಿದಳು. ಅದರ ತುಂಬ ಬಸ್ಸಿನ ಮೂತಿ.

ಅವರು ಬಸ್ಸಿನವನನ್ನು ಬೈದರು, ವೇಣುವನ್ನು ಬೈದರು, ಮುಚ್ಚಿಹೋದ ಗಣಿಯನ್ನೂ ಬಿಡಲಿಲ್ಲ. ಬಸ್ಸು ಪಕ್ಕಕ್ಕೆ ಸರಿದು ಹೋಯಿತು. ಆಮೇಲೆ ಅವರು ಕೀ ಕಿತ್ತು ಮಗಳ ಮಡಿಲಿಗೆ ಎಸೆದು, ಇಳಿದು ಸುತ್ತು ಹಾಕಿ ಬಂದು, ಅವಳ ಕಡೆಯ ಬಾಗಿಲು ತೆಗೆದರು.

"ಆ ಕಡೆ ಜರುಗು. ಹಾಡು ಹಾಕು," ಎಂದರು. "ಮೊದ್ಲು ಮೊಬೈಲ್ದು ಏರ್ಸು."